ಪ್ಯಾಚ್ ಹಾಕಿದ ಮೇಲೂ ಉಳಿಯುವ ಮೆಮೊರಿ ಓವರ್‌ಫ್ಲೋ ದೋಷ: ಎಂಟರ್‌ಪ್ರೈಸ್ ಲಿನಕ್ಸ್ ಸರ್ವರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಪುಣೆಯ ಹಿಂಜವಡಿ, ಖರಾಡಿಯ ಕಚೇರಿಗಳಲ್ಲಿ, ಮುಂಬಯಿಯ ಸಹಕಾರಿ ಬ್ಯಾಂಕುಗಳ ಕಂಪ್ಯೂಟರ್ ವಿಭಾಗಗಳಲ್ಲಿ, ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಲ್ಲಿ ಸರ್ವರ್ ನೋಡಿಕೊಳ್ಳುವ ಕನ್ನಡಿಗರು ಮೆಮೊರಿ ಓವರ್‌ಫ್ಲೋ ದೋಷದ ಪ್ರಕಟಣೆ ಬಂದಾಗಲೆಲ್ಲ ಎಡವುವ ಜಾಗಗಳು ಎರಡೇ. ಒಂದು, ಪ್ರಕಟಣೆಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ತಮ್ಮ ಸರ್ವರ್‌ನ ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸಿ, ಬಾಧಿತ ಸರ್ವರ್ ಅನ್ನು ಸುರಕ್ಷಿತವೆಂದೋ ಸುರಕ್ಷಿತವಾದುದನ್ನು ಬಾಧಿತವೆಂದೋ ಬರೆದುಕೊಳ್ಳುವುದು. ಇನ್ನೊಂದು, ಅಪ್‌ಡೇಟ್ ಆಜ್ಞೆ ಮುಗಿದು ತೆರೆಯ ಮೇಲೆ ‘ಕಂಪ್ಲೀಟ್’ ಎಂದು ಬಂದ ಕೂಡಲೇ ಟಿಕೆಟ್ (ಕೆಲಸದ ದಾಖಲೆ) ಮುಚ್ಚಿಬಿಡುವುದು. ಡಿಸ್ಕಿನ ಮೇಲೆ ಹೊಸ ಫೈಲ್ ಕುಳಿತಿರುತ್ತದೆ, ಆದರೆ ಓಡುತ್ತಿರುವ ಪ್ರೋಗ್ರಾಂ ಹಳೆಯ ಕೋಡನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ಈ ಎರಡು ತಪ್ಪುಗಳನ್ನು ತಪ್ಪಿಸುವ ಕ್ರಮವನ್ನೇ ಕೆಳಗೆ ವಿವರಿಸಲಾಗಿದೆ.

ಇಲ್ಲಿನ ಹಂತಗಳು ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 7, 8, 9ನೇ ಆವೃತ್ತಿಗಳಿಗೂ ಅದೇ ಬುಡದ ರಾಕಿ, ಆಲ್ಮಾ, ಒರಾಕಲ್ ಲಿನಕ್ಸ್‌ಗಳಿಗೂ ಹೊಂದುತ್ತವೆ. ಆಜ್ಞೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಎಂದಿನಂತೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

## ಕೆಲಸ ಶುರುಮಾಡುವ ಮುನ್ನ ಬೇಕಾದವು

ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ, ಬೇಕು. ಇದು ಸಣ್ಣ ಮಾತಲ್ಲ: ಮುಂದೆ ಬರುವ ಹಲವು ತಪಾಸಣೆಗಳನ್ನು ಸಾಮಾನ್ಯ ಬಳಕೆದಾರನಾಗಿ ನಡೆಸಿದರೆ ದೋಷಸಂದೇಶ ಬರುವುದಿಲ್ಲ, ಅರ್ಧ ಉತ್ತರ ಮಾತ್ರ ಬರುತ್ತದೆ, ಮತ್ತು ಅರ್ಧ ಉತ್ತರ ನೋಡುವುದಕ್ಕೆ ಪೂರ್ಣ ಉತ್ತರದಂತೆಯೇ ಇರುತ್ತದೆ.

ಅಪ್‌ಡೇಟ್ ನಂತರ ಏನನ್ನು ರೀಸ್ಟಾರ್ಟ್ ಮಾಡಬೇಕೆಂದು ತಿಳಿಸುವ ‘ನೀಡ್ಸ್-ರೀಸ್ಟಾರ್ಟಿಂಗ್’ ಎಂಬ ಉಪಕರಣವನ್ನು ಮೊದಲೇ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳಿ. 7ರಲ್ಲಿ ಅದು ‘ಯಮ್-ಯುಟಿಲ್ಸ್’ ಪ್ಯಾಕೇಜಿನಲ್ಲಿದೆ, 8 ಮತ್ತು 9ರಲ್ಲಿ ಡಿಎನ್‌ಎಫ್‌ನ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಉಪಕರಣ; 7ರಲ್ಲಿ ಈ ಕೆಲಸ ‘ಯಮ್’ನದು) ಯುಟಿಲ್ಸ್ ಪ್ಯಾಕೇಜಿನ ಜೊತೆ ಬರುತ್ತದೆ. ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ ಕೂಡ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಸರ್ವರ್‌ನ ದೂರನಿಯಂತ್ರಣ ಕನ್ಸೋಲ್, ಅಂದರೆ ಐಡ್ರ್ಯಾಕ್ ಅಥವಾ ಐಲೋ, ಲಾಗಿನ್ ಆಗುತ್ತದೆಯೇ ಎಂದು ಅದೇ ದಿನ ಪರೀಕ್ಷಿಸಿಕೊಳ್ಳಿ. ಐರೋಲಿ, ಮಹಾಪೆಯ ಡೇಟಾ ಸೆಂಟರ್‌ನಲ್ಲಿ ಯಂತ್ರವಿಟ್ಟು ಡೊಂಬಿವಲಿಯ ಮನೆಯಿಂದ ರೀಬೂಟ್ ಮಾಡುವವರು ಜುಲೈ ತಿಂಗಳ ಮಳೆಯಲ್ಲಿ ಲೋಕಲ್ ರೈಲು ನಿಂತಾಗ ಯಂತ್ರದ ಎದುರು ಹೋಗಿ ನಿಲ್ಲಲಾರರು.

## ಹಂತ 1: ದೋಷದ ಕೋಡ್ ಎಲ್ಲಿ ಕುಳಿತಿದೆ ಎಂದು ವಿಂಗಡಿಸಿ

ಪ್ರೋಗ್ರಾಂ ತನಗೆ ಬಂದ ಮಾಹಿತಿಗೆಂದು ಮೆಮೊರಿಯಲ್ಲಿ ನಿರ್ದಿಷ್ಟ ಅಳತೆಯ ಜಾಗವನ್ನು ಕಾದಿರಿಸುತ್ತದೆ. ಬರುವ ಮಾಹಿತಿಯ ಉದ್ದವನ್ನು ಸರಿಯಾಗಿ ಲೆಕ್ಕಹಾಕದೆ ಬರೆಯುತ್ತ ಹೋದರೆ ಬರಹ ಪಕ್ಕದ ಜಾಗವನ್ನೂ ಆಕ್ರಮಿಸುತ್ತದೆ. ಆ ಪಕ್ಕದ ಜಾಗದಲ್ಲಿ ಏನನ್ನು ಬರೆಯಬೇಕೆಂಬುದನ್ನು ದಾಳಿಕೋರ ತಾನೇ ನಿರ್ಧರಿಸಬಲ್ಲನಾದರೆ ಪ್ರೋಗ್ರಾಂನ ಅಧಿಕಾರ ಅವನ ಕೈಗೆ ಹೋಗುತ್ತದೆ. ಇಷ್ಟು ತಿಳಿದಿದ್ದರೆ ಸಾಕು. ಈ ದೋಷ ಯಾವ ಬಗೆಯ ಕೋಡಿನಲ್ಲಿದೆ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳದೆ ಮುಂದಡಿ ಇಡಬಾರದು, ಏಕೆಂದರೆ ರೀಬೂಟ್ ಬೇಕೋ ಬೇಡವೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲ ಬಗೆ, ಕರೆದಾಗ ಹುಟ್ಟಿ ಕೆಲಸ ಮುಗಿಸಿ ಸಾಯುವ ಪ್ರೋಗ್ರಾಂಗಳು. 2021ರ ಜನವರಿ 26ರಂದು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ ಪ್ರಕಟಿಸಿದ ‘ಬ್ಯಾರನ್ ಸ್ಯಾಮೆಡಿಟ್’ ಇದಕ್ಕೆ ಉದಾಹರಣೆ. ಸಿವಿಇ-2021-3156 ಎಂಬ ಸಂಖ್ಯೆಯ (ಸಿವಿಇ ಎಂದರೆ ಬಹಿರಂಗವಾದ ಪ್ರತಿ ದೋಷಕ್ಕೆ ಕೊಡುವ ಗುರುತು) ಈ ಹೀಪ್ (ಪ್ರೋಗ್ರಾಂ ಓಡುವಾಗ ಕಾದಿರಿಸುವ ಮೆಮೊರಿ) ಓವರ್‌ಫ್ಲೋ, ಸಾಮಾನ್ಯ ಬಳಕೆದಾರನಿಗೆ ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸಲು ಬಿಡುವ ‘ಸುಡೊ’ ಪ್ರೋಗ್ರಾಂನಲ್ಲಿ 2011ರ ಜುಲೈಯಿಂದಲೇ ಅಡಗಿತ್ತು. 2023ರ ಅಕ್ಟೋಬರ್ 3ರಂದು ಹೊರಬಂದ ‘ಲೂನಿ ಟ್ಯೂನಬಲ್ಸ್’, ಅಂದರೆ ಸಿವಿಇ-2023-4911, ಕೂಡ ಬಹುಮಟ್ಟಿಗೆ ಇದೇ ಬಗೆಯದು: ಪ್ರತಿ ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಜೋಡಿಸಿಕೊಡುವ, ಬಹುತೇಕ ಪ್ರೋಗ್ರಾಂಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಲೋಡರ್‌ನಲ್ಲಿ ಆ ದೋಷವಿತ್ತು. ಇಂಥವುಗಳಲ್ಲಿ ಪ್ಯಾಕೇಜ್ ಬದಲಾದ ಮರುಕ್ಷಣದಿಂದ ಹೊಸದಾಗಿ ಶುರುವಾಗುವ ಪ್ರತಿಯೊಂದು ಪ್ರೋಗ್ರಾಂ ಹೊಸ ಕೋಡನ್ನೇ ಬಳಸುತ್ತದೆ.

ಎರಡನೆಯದು, ತಿಂಗಳುಗಟ್ಟಲೆ ಓಡುವ ಸೇವೆಗಳು ಒಮ್ಮೆ ಮೆಮೊರಿಗೆ ಎಳೆದುಕೊಂಡು ಬಿಡದೆ ಹಿಡಿದಿರುವ ಲೈಬ್ರರಿಗಳು. 2015ರ ಜನವರಿ 27ರಂದು ಪ್ರಕಟವಾದ ‘ಘೋಸ್ಟ್’, ಸಿವಿಇ-2015-0235, ಹೋಸ್ಟ್‌ನ ಹೆಸರನ್ನು ವಿಳಾಸಕ್ಕೆ ಬದಲಿಸುವ ಜಿಲಿಬ್‌ಸಿ ಕಾರ್ಯಭಾಗದಲ್ಲಿತ್ತು. ಮೇಲ್ ಸರ್ವರ್ ಆ ಹಳೆಯ ಲೈಬ್ರರಿಯನ್ನು ಹಿಡಿದುಕೊಂಡೇ ಓಡುತ್ತಿದ್ದರೆ ಡಿಸ್ಕಿನಲ್ಲಿ ಎಷ್ಟು ಹೊಸ ಫೈಲ್ ಇದ್ದರೂ ಪ್ರಯೋಜನವಿಲ್ಲ. ಇಲ್ಲಿ ಸೇವೆಗಳ ರೀಸ್ಟಾರ್ಟ್ ಕಡ್ಡಾಯ.

ಮೂರನೆಯದು ವ್ಯವಸ್ಥೆಯ ತಿರುಳಾದ ಕರ್ನೆಲ್. 2022ರ ಜನವರಿಯ ಸಿವಿಇ-2022-0185 ಫೈಲ್ ಸಿಸ್ಟಮ್ ಆಯ್ಕೆಗಳನ್ನು ಓದುವ ಕರ್ನೆಲ್ ಭಾಗದಲ್ಲಿನ ಹೀಪ್ ಓವರ್‌ಫ್ಲೋ. ರೀಬೂಟ್ ಅಥವಾ ಲೈವ್ ಪ್ಯಾಚ್ (ಓಡುತ್ತಿರುವ ಕರ್ನೆಲ್‌ಗೇ ಹಚ್ಚುವ ತೇಪೆ) ಬಿಟ್ಟರೆ ಇದಕ್ಕೆ ಬೇರೆ ದಾರಿಯಿಲ್ಲ.

ಈ ವಿಂಗಡಣೆಯ ಜೊತೆಗೆ ದೋಷ ‘ಲೋಕಲ್’ ಬಗೆಯದೋ ನೆಟ್‌ವರ್ಕ್ ಮೂಲಕ ತಟ್ಟುವಂಥದೋ ಎಂಬುದನ್ನೂ ಬರೆದುಕೊಳ್ಳಿ. ಲೋಕಲ್ ಎಂದೊಡನೆ ‘ನಮ್ಮ ಸರ್ವರ್‌ಗೆ ಹೊರಗಿನವರು ಲಾಗಿನ್ ಆಗುವುದಿಲ್ಲ’ ಎಂದು ಕಡತವನ್ನು ಪಕ್ಕಕ್ಕಿಡುವ ಅಭ್ಯಾಸ ಅಪಾಯಕಾರಿ. ವೆಬ್ ಅಪ್ಲಿಕೇಶನ್‌ನ ಬೇರೆ ರಂಧ್ರದ ಮೂಲಕ ಒಳಬಂದವನೂ ಆ ಕ್ಷಣದಿಂದ ಲೋಕಲ್ ಬಳಕೆದಾರನೇ. 2023ರ ನವೆಂಬರ್‌ನಲ್ಲಿ ಕಿನ್ಸಿಂಗ್ ಎಂಬ ದಾಳಿಕೋರ ಗುಂಪು ಪಿಎಚ್‌ಪಿಯುನಿಟ್ ಎಂಬ ವೆಬ್ ಕೋಡ್ ಪರೀಕ್ಷಾ ಉಪಕರಣದ 2017ರ ಹಳೆಯ ದೋಷವೊಂದರಿಂದ ಒಳನುಗ್ಗಿ, ರೂಟ್ ಅಧಿಕಾರಕ್ಕಾಗಿ ಲೂನಿ ಟ್ಯೂನಬಲ್ಸ್ ಬಳಸಲು ಯತ್ನಿಸಿದ್ದು ಹೀಗೆಯೇ.

## ಹಂತ 2: ನಿಮ್ಮ ಸರ್ವರ್ ನಿಜವಾಗಿ ಬಾಧಿತವೇ ಎಂದು ನೋಡಿ

ಎಂಟರ್‌ಪ್ರೈಸ್ ಲಿನಕ್ಸ್ ತಯಾರಕರು ಹೊಸ ಆವೃತ್ತಿಯನ್ನು ಕೊಡುವುದಿಲ್ಲ, ಹಳೆಯ ಆವೃತ್ತಿಗೇ ಹೊಸ ತೇಪೆಯನ್ನು ಹಚ್ಚುತ್ತಾರೆ. ಇದನ್ನು ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಇದರಿಂದ ಆವೃತ್ತಿ ಸಂಖ್ಯೆ ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸುತ್ತದೆ.

ಸುಡೊ ವಿಷಯದಲ್ಲಿ ಮೂಲ ತಯಾರಕರು ದೋಷ ಸರಿಪಡಿಸಿದ್ದು 1.9.5ಪಿ2 ಆವೃತ್ತಿಯಲ್ಲಿ. ರೆಡ್‌ಹ್ಯಾಟ್ 7ರಲ್ಲಿ ಸರಿಪಡಿಸಿದ ಪ್ಯಾಕೇಜಿನ ಸಂಖ್ಯೆ 1.8.23-10.ಇಎಲ್7_9.1. ಮೊದಲ ಭಾಗವನ್ನಷ್ಟೇ ನೋಡಿದವರಿಗೆ ಇದು ಹಳೆಯ, ಬಾಧಿತ ಸುಡೊ ಎಂದೇ ಕಾಣುತ್ತದೆ. ವಾಸ್ತವದಲ್ಲಿ ಅಡ್ಡಗೆರೆಯ ನಂತರದ ಅಂಕಿಗಳಲ್ಲಿ ಪರಿಹಾರವಿದೆ. ಲೂನಿ ಟ್ಯೂನಬಲ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧವಾಯಿತು. ದೋಷ ಮೂಲ ಜಿಲಿಬ್‌ಸಿಯ 2.34ರಲ್ಲಿ ಸೇರಿತ್ತು. ‘ನಮ್ಮ ರೆಡ್‌ಹ್ಯಾಟ್ 8ರಲ್ಲಿರುವುದು 2.28, ಆದ್ದರಿಂದ ನಾವು ಸುರಕ್ಷಿತ’ ಎಂದು ನಿರ್ಧರಿಸಿದವರು ತಪ್ಪಿದರು, ಏಕೆಂದರೆ ಆ ಹೊಸ ಕೋಡ್ ಕೂಡ ಬ್ಯಾಕ್‌ಪೋರ್ಟ್ ಆಗಿಯೇ 8ಕ್ಕೆ ಬಂದಿತ್ತು, ಅದರೊಂದಿಗೆ ದೋಷವೂ ಬಂದಿತ್ತು. ಅದೇ ಸಮಯದಲ್ಲಿ 6 ಮತ್ತು 7 ಬಾಧಿತವಾಗಿರಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ತಯಾರಕರ ಸಿವಿಇ ಪುಟದಲ್ಲಿ ನಿಮ್ಮ ಮುಖ್ಯ ಆವೃತ್ತಿಯ ಸಾಲನ್ನು ಓದಿ. ನಂತರ ಸರ್ವರ್‌ನಲ್ಲಿ ‘ಆರ್‌ಪಿಎಂ’ ಆಜ್ಞೆಗೆ ಕ್ಯೂ ಮತ್ತು ಚೇಂಜ್‌ಲಾಗ್ ಆಯ್ಕೆಗಳನ್ನು ಕೊಟ್ಟು, ಪ್ಯಾಕೇಜಿನ ಬದಲಾವಣೆಯ ದಾಖಲೆಯಲ್ಲಿ ಸಿವಿಇ ಸಂಖ್ಯೆಯನ್ನು ‘ಗ್ರೆಪ್’ ಮೂಲಕ ಹುಡುಕಿ. ಸಂಖ್ಯೆ ಸಿಕ್ಕರೆ ಡಿಸ್ಕಿನಲ್ಲಿ ಪರಿಹಾರವಿದೆ. ಸಿಗದಿದ್ದರೆ ‘ಡಿಎನ್‌ಎಫ್ ಅಪ್‌ಡೇಟ್‌ಇನ್ಫೊ ಲಿಸ್ಟ್’ ಆಜ್ಞೆಗೆ ಆ ಸಿವಿಇ ಸಂಖ್ಯೆ ಕೊಟ್ಟು, ಬಾಕಿಯಿರುವ ಅಪ್‌ಡೇಟ್ ಇದೆಯೇ ಎಂದು ಕೇಳಿ.

ಬ್ಯಾರನ್ ಸ್ಯಾಮೆಡಿಟ್‌ಗೆ ಒಂದು ನಿರಪಾಯಕಾರಿ ಪರೀಕ್ಷೆಯೂ ಇದೆ. ಸಾಮಾನ್ಯ ಬಳಕೆದಾರನಾಗಿ ‘ಸುಡೊಎಡಿಟ್’ ಆಜ್ಞೆಗೆ ಎಸ್ ಆಯ್ಕೆಯನ್ನೂ ಒಂದು ಓರೆಗೆರೆಯನ್ನೂ ಕೊಟ್ಟಾಗ ಉತ್ತರ ‘ಯೂಸೇಜ್’ ಎಂದು ಶುರುವಾದರೆ ತೇಪೆ ಬಿದ್ದಿದೆ. ‘ಸುಡೊಎಡಿಟ್’ ಎಂದೇ ಶುರುವಾಗುವ ದೋಷಸಂದೇಶ ಬಂದರೆ ಬಿದ್ದಿಲ್ಲ. ಪ್ರೋಗ್ರಾಂ ಅನ್ನು ಬೇಕೆಂದೇ ಕುಸಿಯುವಂತೆ ಮಾಡುವ ಇತರ ಪರೀಕ್ಷೆಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಅವುಗಳನ್ನು ಪ್ರೊಡಕ್ಷನ್ (ನಿಜ ಬಳಕೆಯ) ಯಂತ್ರದಲ್ಲಿ ಓಡಿಸಬೇಡಿ. ಅವು ಲಾಗ್‌ನಲ್ಲಿ ಬಿಡುವ ಗುರುತು ನಿಜವಾದ ದಾಳಿಯ ಗುರುತಿನಂತೆಯೇ ಇರುವುದರಿಂದ ಮುಂದಿನ ಹಂತವನ್ನೇ ಕೆಡಿಸುತ್ತವೆ.

## ಹಂತ 3: ಪ್ಯಾಚ್ ಹಾಕುವ ಮೊದಲು ದಾಳಿಯ ಗುರುತು ಹುಡುಕಿ

ಈ ಹಂತವನ್ನು ಬಹುತೇಕರು ಬಿಟ್ಟೇಬಿಡುತ್ತಾರೆ, ಇಲ್ಲವೇ ಪ್ಯಾಚ್ ಹಾಕಿ ರೀಬೂಟ್ ಮಾಡಿದ ಮೇಲೆ ಮಾಡುತ್ತಾರೆ. ರೀಬೂಟ್ ಆದ ಯಂತ್ರದ ಮೆಮೊರಿಯಲ್ಲಿದ್ದ ಸಾಕ್ಷ್ಯ ಮರಳಿ ಬರುವುದಿಲ್ಲ. ಜೊತೆಗೆ ‘/ವಾರ್/ಲಾಗ್’ ಅಡಿಯಲ್ಲಿ ಜರ್ನಲ್‌ಗೆಂದು (ವ್ಯವಸ್ಥೆಯ ಘಟನೆಗಳ ದಾಖಲೆ) ಪ್ರತ್ಯೇಕ ಫೋಲ್ಡರ್ ಮಾಡಿರದ ಸರ್ವರ್‌ಗಳಲ್ಲಿ ಜರ್ನಲ್ ಪೂರ್ತಿಯಾಗಿ ಮೆಮೊರಿಯಲ್ಲೇ ಇರುವುದರಿಂದ ಅದೂ ಅಳಿಸಿಹೋಗುತ್ತದೆ.

ಓವರ್‌ಫ್ಲೋ ದಾಳಿ ಮೊದಲ ಯತ್ನದಲ್ಲೇ ಗುರಿ ಮುಟ್ಟುವುದು ಅಪರೂಪ. ಮೆಮೊರಿಯ ವಿಳಾಸಗಳನ್ನು ಕರ್ನೆಲ್ ಪ್ರತಿ ಬಾರಿ ಕಲಸಿ ಬೇರೆಬೇರೆ ಕಡೆ ಇಡುವುದರಿಂದ ದಾಳಿಕೋರ ಊಹಿಸುತ್ತ ಹೋಗಬೇಕಾಗುತ್ತದೆ, ಊಹೆ ತಪ್ಪಿದಾಗಲೆಲ್ಲ ಪ್ರೋಗ್ರಾಂ ಕುಸಿಯುತ್ತದೆ. ಆದ್ದರಿಂದ ‘ಜರ್ನಲ್‌ಸಿಟಿಎಲ್’ಗೆ ಕೆ ಆಯ್ಕೆ ಕೊಟ್ಟು ಕರ್ನೆಲ್ ಸಂದೇಶಗಳಲ್ಲಿ ಇಂಥ ಕುಸಿತವನ್ನು ಸೂಚಿಸುವ ‘ಸೆಗ್‌ಫಾಲ್ಟ್’ ಪದವನ್ನು ಹುಡುಕಿ. ‘ಎಸ್‌ಯು’, ‘ಸುಡೊ’, ‘ಪಾಸ್‌ವರ್ಡ್’ ಬದಲಿಸುವ ಪ್ರೋಗ್ರಾಂ ಮೊದಲಾದ ಸೆಟ್‌ಯುಐಡಿ ಪ್ರೋಗ್ರಾಂಗಳು (ಯಾರು ಓಡಿಸಿದರೂ ಫೈಲ್‌ನ ಒಡೆಯನ, ಸಾಮಾನ್ಯವಾಗಿ ರೂಟ್‌ನ, ಅಧಿಕಾರದಲ್ಲಿ ಓಡುವಂಥವು) ಕೆಲವೇ ನಿಮಿಷಗಳಲ್ಲಿ ಸಾಲುಸಾಲಾಗಿ ಕುಸಿದಿದ್ದರೆ ಅದು ಗಂಭೀರ ಎಚ್ಚರಿಕೆ, ಏಕೆಂದರೆ ದಿನನಿತ್ಯದ ಬಳಕೆಯಲ್ಲಿ ಇವು ಕುಸಿಯುವುದೇ ಇಲ್ಲ. ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಎಂಬ ಸಂದೇಶ, ಪ್ರೋಗ್ರಾಂಗಳಿಗೆ ಕಡಿವಾಣ ಹಾಕುವ ಎಸ್‌ಇಲಿನಕ್ಸ್‌ನ ಹೊಸ ನಿರಾಕರಣೆಗಳು, ಶೂನ್ಯ ಬಳಕೆದಾರ ಸಂಖ್ಯೆಯುಳ್ಳ (ಅದು ರೂಟ್‌ನ ಸಂಖ್ಯೆ) ಎರಡನೇ ಖಾತೆ, ತಾತ್ಕಾಲಿಕ ಫೋಲ್ಡರ್‌ಗಳಲ್ಲಿ ರೂಟ್ ಒಡೆತನದ ಸೆಟ್‌ಯುಐಡಿ ಫೈಲ್, ಇವುಗಳನ್ನೂ ನೋಡಿ.

ಗುರುತು ಸಿಕ್ಕರೆ ಪ್ಯಾಚ್ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ. ವರ್ಚುವಲ್ ಯಂತ್ರವಾದರೆ ಮೆಮೊರಿ ಸಹಿತ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದು, ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಯಂತ್ರವನ್ನು ಆರಿಸದೆ ಮೇಲಿನವರಿಗೆ ತಿಳಿಸಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಈ ಗಡಿಯಾರ ಶುರುವಾಗುವುದು ವಿಷಯ ನಿಮ್ಮ ಗಮನಕ್ಕೆ ಬಂದಾಗ. ಸೋಮವಾರದ ಸಭೆಯವರೆಗೆ ಅದು ಕಾಯುವುದಿಲ್ಲ.

## ಹಂತ 4: ಪ್ಯಾಚ್ ಹಾಕಲು ಸಮಯ ಸಿಗುವವರೆಗಿನ ತಡೆ

ಕಾರ್ಖಾನೆಯ ಉತ್ಪಾದನಾ ಸಾಲು ಹಗಲಿರುಳು ಓಡುವಲ್ಲಿ ರೀಬೂಟ್‌ಗೆ ಒಪ್ಪಿಗೆ ಸಿಗಲು ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗಿನ ತಡೆಯನ್ನು ಆ ನಿರ್ದಿಷ್ಟ ದೋಷಕ್ಕೆ ತಯಾರಕರೇ ಸೂಚಿಸಿದ ವಿಧಾನದಿಂದ ಮಾತ್ರ ಮಾಡಿ.

ಸಿವಿಇ-2022-0185ರ ವಿಷಯದಲ್ಲಿ, ಕಂಟೇನರ್ (ಪ್ರೋಗ್ರಾಂ ಅನ್ನು ಅದರ ಲೈಬ್ರರಿಗಳೊಂದಿಗೆ ಪ್ರತ್ಯೇಕವಾಗಿ ಓಡಿಸುವ ಪೊಟ್ಟಣ) ಓಡಿಸದ ಸರ್ವರ್‌ಗಳಲ್ಲಿ ಬಳಕೆದಾರರನ್ನು ಪ್ರತ್ಯೇಕ ವಲಯದಲ್ಲಿಡುವ ಯೂಸರ್ ನೇಮ್‌ಸ್ಪೇಸ್‌ಗಳ ಗರಿಷ್ಠ ಸಂಖ್ಯೆಯನ್ನು ‘ಸಿಸ್‌ಸಿಟಿಎಲ್’ ಮೂಲಕ ಶೂನ್ಯಕ್ಕಿಳಿಸುವುದು ತಡೆಯಾಗಿತ್ತು. ಇದನ್ನೇ ಕಂಟೇನರ್ ಸರ್ವರ್‌ನಲ್ಲಿ ಮಾಡಿದರೆ ರೂಟ್ ಇಲ್ಲದೆ ಓಡುವ ಪಾಡ್‌ಮನ್ ಕಂಟೇನರ್‌ಗಳು ಏಳುವುದೇ ಇಲ್ಲ. ಲೂನಿ ಟ್ಯೂನಬಲ್ಸ್‌ಗೆ ರೆಡ್‌ಹ್ಯಾಟ್ ಒಂದು ಸಿಸ್ಟಮ್‌ಟ್ಯಾಪ್ (ಓಡುತ್ತಿರುವ ಕರ್ನೆಲ್ ಮೇಲೆ ಕಣ್ಣಿಡುವ ಉಪಕರಣ) ಸ್ಕ್ರಿಪ್ಟ್ ಕೊಟ್ಟಿತ್ತು. ಜಿಲಿಬ್‌ಸಿಯ ಟ್ಯೂನಬಲ್ಸ್ ಪರಿಸರ ಚರವನ್ನು ಹೊತ್ತುಬಂದ ಸೆಟ್‌ಯುಐಡಿ ಪ್ರೋಗ್ರಾಂಗಳನ್ನು ಅದು ಕೊಂದುಹಾಕುತ್ತಿತ್ತು. ರೀಬೂಟ್ ಆದೊಡನೆ ಆ ತಡೆ ಮಾಯವಾಗುತ್ತಿದ್ದುದರಿಂದ ಪ್ರತಿ ಸಲ ಮತ್ತೆ ಹಾಕಬೇಕಿತ್ತು. ಸಹಿಯಿಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಸ್ಕ್ರಿಪ್ಟ್‌ನಿಂದ ಹುಟ್ಟುವ ಮಾಡ್ಯೂಲ್‌ಗೆ ಸಹಿಯೂ ಬೇಕಿತ್ತು.

ಎಸ್‌ಇಲಿನಕ್ಸ್ ಜಾರಿಯಲ್ಲಿದೆ, ವಿಳಾಸ ಕಲಸುವಿಕೆ ಪೂರ್ಣ ಮಟ್ಟವಾದ ಎರಡರಲ್ಲಿದೆ ಎಂಬ ಕಾರಣಕ್ಕೆ ಪ್ಯಾಚ್ ಮುಂದೂಡಬೇಡಿ. ಅವು ದಾಳಿಯನ್ನು ಕಷ್ಟಗೊಳಿಸುತ್ತವೆಯೇ ಹೊರತು ದೋಷವನ್ನು ಅಳಿಸುವುದಿಲ್ಲ. ಬ್ಯಾರನ್ ಸ್ಯಾಮೆಡಿಟ್, ಲೂನಿ ಟ್ಯೂನಬಲ್ಸ್ ಎರಡರಲ್ಲೂ ಕ್ವಾಲಿಸ್ ಸಂಶೋಧಕರು ವಿಳಾಸ ಕಲಸುವಿಕೆ ಇದ್ದ ಯಂತ್ರಗಳ ಮೇಲೆಯೇ ರೂಟ್ ಪಡೆದು ತೋರಿಸಿದ್ದಾರೆ.

## ಹಂತ 5: ಸಮಯ ಮತ್ತು ಹಿಂದಿರುಗುವ ದಾರಿ

ಷೇರು ವಹಿವಾಟಿಗೆ ಸೇರಿದ ಸರ್ವರ್‌ಗಳನ್ನು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಮುಟ್ಟುವಂತಿಲ್ಲ ಎಂಬುದು ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕುಗಳವರು ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆಯನ್ನು ನೆಚ್ಚಿಕೊಳ್ಳುತ್ತಾರೆ. ಆದರೆ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ಶಾಖೆಗೆ ರಜೆಯಿದ್ದರೂ ಪಾವತಿ ಸರ್ವರ್‌ಗೆ ರಜೆಯಿಲ್ಲ. ಕ್ಲಸ್ಟರ್ (ಒಂದೇ ಕೆಲಸ ಹಂಚಿಕೊಂಡ ಯಂತ್ರಗಳ ಗುಂಪು) ಇದ್ದರೆ ಒಂದೊಂದೇ ನೋಡ್ ಕೆಳಗಿಳಿಸಿ ಕೆಲಸ ಮಾಡಿ, ಇಲ್ಲದಿದ್ದರೆ ಡೌನ್‌ಟೈಮ್ ಅನ್ನು ಮುಂಚೆಯೇ ಬರಹದಲ್ಲಿ ಪಡೆಯಿರಿ.

ಪ್ಯಾಚ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ಇರಲಿ, ಆದರೆ ವಿಎಂವೇರ್‌ನಲ್ಲಿ ಅದನ್ನು 72 ಗಂಟೆಗಿಂತ ಹೆಚ್ಚು ಉಳಿಸಬೇಡಿ. ‘ಡಿಎನ್‌ಎಫ್ ಹಿಸ್ಟರಿ ಅನ್‌ಡೂ’ ಇದೆಯಲ್ಲ ಎಂಬ ಧೈರ್ಯ ಸುಡೊ ಥರದ ಸಣ್ಣ ಪ್ಯಾಕೇಜಿಗೆ ಸರಿ. ಜಿಲಿಬ್‌ಸಿಯನ್ನು ಹಿಂದಕ್ಕೆ ತರಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡರೆ ‘ಎಲ್‌ಎಸ್’ ಆಜ್ಞೆಯೂ ಓಡದ ಸ್ಥಿತಿ ಬರುತ್ತದೆ.

## ಹಂತ 6: ಪ್ಯಾಚ್ ಹಾಕುವುದು, ಮತ್ತು ‘ನಥಿಂಗ್ ಟು ಡು’ ಎಂಬ ಉತ್ತರವನ್ನು ನಂಬದಿರುವುದು

ಆಜ್ಞೆ ಸರಳ. ‘ಡಿಎನ್‌ಎಫ್ ಅಪ್‌ಗ್ರೇಡ್’ಗೆ ಸಿವಿಇ ಆಯ್ಕೆಯನ್ನೂ ಸಂಖ್ಯೆಯನ್ನೂ ಕೊಟ್ಟರೆ ಆ ದೋಷಕ್ಕೆ ಬೇಕಾದ ಪ್ಯಾಕೇಜುಗಳಷ್ಟೇ ಬದಲಾಗುತ್ತವೆ. ಮೊದಲು ಯುಎಟಿ (ಪರೀಕ್ಷೆಯ) ಸರ್ವರ್, ನಂತರ ಪ್ರೊಡಕ್ಷನ್‌ನ ಒಂದು ಯಂತ್ರ, ಆಮೇಲೆ ಉಳಿದವು. ಹಲವು ಸರ್ವರ್‌ಗಳಿಗೆ ಒಟ್ಟಿಗೆ ಆಜ್ಞೆ ಕೊಡುವ ಆನ್ಸಿಬಲ್ ಬಳಸುವವರು, ಒಂದು ಸಲಕ್ಕೆ ಎಷ್ಟು ಯಂತ್ರ ಎಂಬ ‘ಸೀರಿಯಲ್’ ಮಿತಿಯನ್ನು ಮರೆಯದೆ ಹಾಕಿ.

ತೊಂದರೆ ಬರುವುದು ಆಜ್ಞೆಯಿಂದಲ್ಲ, ಉತ್ತರದಿಂದ. ದೋಷವಿದೆ ಎಂದು ಎರಡನೇ ಹಂತದಲ್ಲಿ ಖಚಿತವಾದ ಯಂತ್ರವೇ ‘ನಥಿಂಗ್ ಟು ಡು’ ಎಂದರೆ ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ.

‘ಸಬ್‌ಸ್ಕ್ರಿಪ್ಷನ್-ಮ್ಯಾನೇಜರ್ ರಿಲೀಸ್’ ಆಜ್ಞೆಗೆ ಶೋ ಆಯ್ಕೆ ಕೊಟ್ಟು ನೋಡಿ. ಯಾರೋ ಹಿಂದೊಮ್ಮೆ ಡೇಟಾಬೇಸ್ ಹೊಂದಾಣಿಕೆಗೆಂದು ಸರ್ವರ್ ಅನ್ನು 8.4ಕ್ಕೋ 8.6ಕ್ಕೋ ಕಟ್ಟಿಹಾಕಿರುತ್ತಾರೆ. ವಿಸ್ತೃತ ಬೆಂಬಲದ ಚಂದಾ ಇಲ್ಲದೆ ಹಾಗೆ ಕಟ್ಟಿದ ಸರ್ವರ್‌ಗೆ ಹೊಸ ಪರಿಹಾರಗಳು ಕಾಣಿಸುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಈ ಪ್ರದೇಶದ ಕಚೇರಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಕಾರಣ ಇದೇ.

ಎರಡನೆಯದಾಗಿ ಡಿಎನ್‌ಎಫ್‌ನ ಸಂರಚನಾ ಫೈಲ್‌ನಲ್ಲಿ ಕರ್ನೆಲ್ ಅಥವಾ ಜಿಲಿಬ್‌ಸಿಯನ್ನು ಹೊರಗಿಡುವ ‘ಎಕ್ಸ್‌ಕ್ಲೂಡ್’ ಸಾಲು ಇದೆಯೇ, ‘ವರ್ಷನ್‌ಲಾಕ್’ ಪಟ್ಟಿಯಲ್ಲಿ ಆ ಪ್ಯಾಕೇಜ್ ಇದೆಯೇ ಎಂದು ಪರಿಶೀಲಿಸಿ. ಒಳಗಿನ ಮಿರರ್ (ಪ್ಯಾಕೇಜುಗಳ ಸ್ಥಳೀಯ ಪ್ರತಿ) ಬಳಸುವ ಕಚೇರಿಗಳಲ್ಲಿ ಆ ಮಿರರ್ ಕೊನೆಯದಾಗಿ ಸಿಂಕ್ ಆದದ್ದು ಯಾವಾಗ ಎಂದು ನೋಡಿ.

ಸೆಂಟ್‌ಒಎಸ್ ಲಿನಕ್ಸ್ 7 ಇನ್ನೂ ಉಳಿಸಿಕೊಂಡಿರುವವರಿಗೆ ಬೇರೆಯೇ ಮಾತಿದೆ. ಅದರ ರೆಪೊಸಿಟರಿಗಳಲ್ಲಿ ಭದ್ರತಾ ಪ್ರಕಟಣೆಗಳ ಮಾಹಿತಿಯೇ ಇರಲಿಲ್ಲವಾದ್ದರಿಂದ ‘ಯಮ್’ಗೆ ಸೆಕ್ಯುರಿಟಿ ಆಯ್ಕೆ ಕೊಟ್ಟರೆ ‘ಭದ್ರತೆಗೆ ಬೇಕಾದ ಪ್ಯಾಕೇಜ್ ಇಲ್ಲ’ ಎಂಬ ಉತ್ತರವೇ ಸದಾ ಬರುತ್ತಿತ್ತು. ಈಗಂತೂ 2024ರ ಜೂನ್ 30ಕ್ಕೆ ಅದರ ಆಯಸ್ಸೇ ಮುಗಿದಿದೆ. ರೆಡ್‌ಹ್ಯಾಟ್ 7ಕ್ಕೂ ಅದೇ ದಿನದ ನಂತರ ಪ್ರತ್ಯೇಕ ವಿಸ್ತೃತ ಚಂದಾ ಬೇಕು.

ಕರ್ನೆಲ್ ಪ್ಯಾಚ್ ಆದರೆ ಬೂಟ್ ವಿಭಾಗದಲ್ಲಿ ಜಾಗವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡಿಎನ್‌ಎಫ್ ಸಾಮಾನ್ಯವಾಗಿ ಮೂರು ಕರ್ನೆಲ್‌ಗಳನ್ನು ಉಳಿಸಿಕೊಳ್ಳುತ್ತದೆ. ಚಿಕ್ಕ ಬೂಟ್ ವಿಭಾಗ ತುಂಬಿಹೋಗಿ ಆರಂಭಿಕ ರ‍್ಯಾಮ್ ಚಿತ್ರಿಕೆ (ಬೂಟ್ ಶುರುವಾಗಲು ಬೇಕಾದ ಫೈಲ್) ಅರ್ಧ ಬರೆದು ನಿಂತರೆ ಮುಂದಿನ ರೀಬೂಟ್‌ನಲ್ಲಿ ಯಂತ್ರ ಏಳುವುದಿಲ್ಲ.

## ಹಂತ 7: ಹಳೆಯ ಕೋಡನ್ನು ಮೆಮೊರಿಯಿಂದ ಹೊರಹಾಕುವುದು

ಪ್ಯಾಕೇಜ್ ಬದಲಾದಾಗ ಹಳೆಯ ಲೈಬ್ರರಿಯ ಹೆಸರು ಫೋಲ್ಡರ್‌ನಿಂದ ಅಳಿಸಿಹೋಗುತ್ತದೆ, ಆದರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದಿರುವವರೆಗೆ ಅದರ ದೇಹ ಡಿಸ್ಕಿನಲ್ಲೂ ಮೆಮೊರಿಯಲ್ಲೂ ಉಳಿಯುತ್ತದೆ. ಮನೆಯ ಬೀಗ ಬದಲಿಸಿದ ಮೇಲೂ ಹಳೆಯ ಬಾಡಿಗೆದಾರ ಒಳಗೇ ಮಲಗಿರುವಂತೆ ಇದು.

ಮೊದಲು ‘ನೀಡ್ಸ್-ರೀಸ್ಟಾರ್ಟಿಂಗ್’ಗೆ ಆರ್ ಆಯ್ಕೆ ಕೊಡಿ. ಕರ್ನೆಲ್, ಜಿಲಿಬ್‌ಸಿ, ಸಿಸ್ಟಮ್‌ಡಿ (ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಮೊದಲಾದ ಬುಡದ ಪ್ಯಾಕೇಜುಗಳು ಕೊನೆಯ ಬೂಟ್ ನಂತರ ಬದಲಾಗಿದ್ದರೆ ರೀಬೂಟ್ ಬೇಕೆಂದು ಅದು ಹೇಳುತ್ತದೆ. ಎಸ್ ಆಯ್ಕೆ ಕೊಟ್ಟರೆ ರೀಸ್ಟಾರ್ಟ್ ಆಗಬೇಕಾದ ಸೇವೆಗಳ ಪಟ್ಟಿ ಬರುತ್ತದೆ. ಸೂಸೆ ಎಂಬ ಬೇರೆ ಲಿನಕ್ಸ್ ಬಳಸುವವರಿಗೆ ಇದೇ ಕೆಲಸವನ್ನು ‘ಝಿಪ್ಪರ್ ಪಿಎಸ್’ ಮಾಡಿಕೊಡುತ್ತದೆ.

ನಂತರ ಇದನ್ನು ನೇರವಾಗಿ ಮೆಮೊರಿಯಲ್ಲೇ ದೃಢಪಡಿಸಿಕೊಳ್ಳಿ. ‘/ಪ್ರಾಕ್’ ಅಡಿಯಲ್ಲಿ ಪ್ರತಿ ಪ್ರೋಗ್ರಾಂನ ಸಂಖ್ಯೆಯ ಫೋಲ್ಡರ್‌ನಲ್ಲಿರುವ ‘ಮ್ಯಾಪ್ಸ್’ ಫೈಲ್ ಅದು ಹಿಡಿದಿರುವ ಲೈಬ್ರರಿಗಳ ಪಟ್ಟಿ. ಅದರಲ್ಲಿ ಲೈಬ್ರರಿಯ ಹೆಸರಿನ ಮುಂದೆ ‘ಡಿಲೀಟೆಡ್’ ಎಂದಿದ್ದರೆ ಆ ಪ್ರೋಗ್ರಾಂ ಹಳೆಯ ಕೋಡನ್ನೇ ಓಡಿಸುತ್ತಿದೆ. ‘ಎಲ್‌ಎಸ್‌ಒಎಫ್’ ಪಟ್ಟಿಯಲ್ಲಿ ಇದೇ ಸಂಗತಿ ‘ಡಿಇಎಲ್’ ಎಂದು ಕಾಣುತ್ತದೆ. ಒರಾಕಲ್ ಡೇಟಾಬೇಸ್ ಇರುವ ಸರ್ವರ್‌ಗಳಲ್ಲಿ ಹಂಚಿಕೆಯ ಮೆಮೊರಿಯ ನೂರಾರು ಸಾಲುಗಳೂ ‘ಡಿಲೀಟೆಡ್’ ಎಂದೇ ತೋರುತ್ತವೆ. ಅವು ದೋಷವಲ್ಲ. ‘ಎಸ್‌ಒ’ ಎಂಬ ವಿಸ್ತರಣೆಯುಳ್ಳ ಲೈಬ್ರರಿ ಸಾಲುಗಳನ್ನು ಮಾತ್ರ ಆರಿಸಿಕೊಳ್ಳಿ.

ಸೇವೆಗಳನ್ನು ರೀಸ್ಟಾರ್ಟ್ ಮಾಡುವಾಗ ಮೂರು ಕಡೆ ಎಡವುವುದು ಹೆಚ್ಚು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನು ರೀಸ್ಟಾರ್ಟ್ ಮಾಡಿದರೂ ಈಗಾಗಲೇ ತೆರೆದಿರುವ ಸೆಷನ್‌ಗಳು ಹಳೆಯ ಪ್ರೋಗ್ರಾಂನಲ್ಲೇ ಮುಂದುವರಿಯುತ್ತವೆ. ಇತರ ಸರ್ವರ್‌ಗಳಿಗೆ ಹೋಗಲು ದಾಟಬೇಕಾದ ಜಂಪ್ ಸರ್ವರ್‌ಗಳಲ್ಲಿ ವಾರಗಟ್ಟಲೆ ತೆರೆದಿಟ್ಟ ಸೆಷನ್‌ಗಳು ಇರುವುದು ಸಾಮಾನ್ಯವಾದ್ದರಿಂದ ಅವುಗಳ ಒಡೆಯರನ್ನು ಕೇಳಿ ಮುಚ್ಚಿಸಿ. ಮೊದಲ ಸಂಖ್ಯೆಯ ಪ್ರಕ್ರಿಯೆಯಾದ ಸಿಸ್ಟಮ್‌ಡಿಯನ್ನು ‘ಡೀಮನ್-ರೀಎಕ್ಸೆಕ್’ ಮೂಲಕ ಹೊಸದಾಗಿಸಬಹುದು, ಆದರೆ ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಸೇವೆಯನ್ನು ಓಡುತ್ತಿರುವ ಯಂತ್ರದಲ್ಲಿ ರೀಸ್ಟಾರ್ಟ್ ಮಾಡಲು ಹೋಗಬೇಡಿ, ಲಾಗಿನ್ ವ್ಯವಸ್ಥೆಯೇ ತೊಡಕಿಗೆ ಸಿಕ್ಕೀತು. ಕೊನೆಯದಾಗಿ, ಸಿಸ್ಟಮ್‌ಡಿಯ ಹೊರಗೆ ಸ್ಕ್ರಿಪ್ಟ್‌ನಿಂದ ಕೈಯಾರೆ ಶುರುಮಾಡಿದ ಜಾವಾ ಅಪ್ಲಿಕೇಶನ್‌ಗಳು ಸೇವೆಗಳ ಪಟ್ಟಿಯಲ್ಲಿ ಬರುವುದಿಲ್ಲ. ಬ್ಯಾಂಕಿಂಗ್ ಸಾಫ್ಟ್‌ವೇರ್‌ಗಳು ಇಂದಿಗೂ ಹೆಚ್ಚಾಗಿ ಹೀಗೆಯೇ ಏಳುತ್ತವೆ. ಅವುಗಳನ್ನು ಮ್ಯಾಪ್ಸ್ ಫೈಲ್ ಮಾತ್ರ ಬಯಲಿಗೆಳೆಯುತ್ತದೆ.

ಜಿಲಿಬ್‌ಸಿಯ ಲೈಬ್ರರಿ ಬದಲಾದಾಗ ಹಳೆಯದನ್ನು ಹಿಡಿದಿರುವ ಪ್ರೋಗ್ರಾಂಗಳ ಪಟ್ಟಿ ಅಷ್ಟುದ್ದ ಇರುತ್ತದೆ. ಒಂದೊಂದನ್ನೇ ರೀಸ್ಟಾರ್ಟ್ ಮಾಡುತ್ತ ಕೂರುವುದಕ್ಕಿಂತ ಯಂತ್ರವನ್ನೇ ರೀಬೂಟ್ ಮಾಡುವುದು ಬೇಗ ಮುಗಿಯುವ, ತಪ್ಪು ಕಡಿಮೆಯಾಗುವ ದಾರಿ.

ಕರ್ನೆಲ್ ಆದರೆ ರೀಬೂಟ್‌ಗೆ ಮುಂಚೆ ‘ಗ್ರಬಿ’ ಆಜ್ಞೆಯಿಂದ ಮುಂದಿನ ಬೂಟ್‌ಗೆ ಯಾವ ಕರ್ನೆಲ್ ಆರಿಸಲ್ಪಟ್ಟಿದೆ ಎಂದು ನೋಡಿ. ಹಿಂದೆ ಯಾರೋ ಹಳೆಯ ಕರ್ನೆಲನ್ನೇ ಡೀಫಾಲ್ಟ್ ಮಾಡಿಟ್ಟಿದ್ದರೆ ಎಷ್ಟು ಸಲ ರೀಬೂಟ್ ಮಾಡಿದರೂ ಅದೇ ಏಳುತ್ತದೆ. ರೀಬೂಟ್ ನಂತರ ‘ಯುನೇಮ್’ಗೆ ಆರ್ ಆಯ್ಕೆ ಕೊಟ್ಟು ಓಡುತ್ತಿರುವ ಆವೃತ್ತಿಯನ್ನು ಓದಿ. ‘ಆರ್‌ಪಿಎಂ’ ತೋರಿಸುವುದು ಇನ್‌ಸ್ಟಾಲ್ ಆಗಿರುವ ಕರ್ನೆಲ್, ‘ಯುನೇಮ್’ ತೋರಿಸುವುದು ಓಡುತ್ತಿರುವ ಕರ್ನೆಲ್. ವರದಿಯಲ್ಲಿ ಬರೆಯಬೇಕಾದದ್ದು ಎರಡನೆಯದು.

ರೀಬೂಟ್ ಸಾಧ್ಯವೇ ಇಲ್ಲದ ಕಡೆ ‘ಕೆಪ್ಯಾಚ್’ ಲೈವ್ ಪ್ಯಾಚ್ ಬಳಸಬಹುದು. ಅದು ಎಲ್ಲ ದೋಷಗಳಿಗೂ ಸಿಗುವುದಿಲ್ಲ, ಮತ್ತು ಅದನ್ನು ಹಾಕಿದ ಮೇಲೂ ‘ಯುನೇಮ್’ ಹಳೆಯ ಸಂಖ್ಯೆಯನ್ನೇ ತೋರಿಸುತ್ತದೆ. ‘ಕೆಪ್ಯಾಚ್ ಲಿಸ್ಟ್’ನ ಉತ್ತರವೇ ಇಲ್ಲಿ ಪುರಾವೆ.

## ಹಂತ 8: ಸ್ಕ್ಯಾನರ್ ಮತ್ತು ಆಡಿಟರ್‌ಗೆ ಉತ್ತರ

ಕೆಲಸ ಸರಿಯಾಗಿ ಮುಗಿದ ಮೇಲೂ ವಿಎಪಿಟಿ (ದೋಷ ಹುಡುಕುವ ಭದ್ರತಾ ಪರೀಕ್ಷೆ) ವರದಿಯಲ್ಲಿ ದೋಷ ಕೆಂಪಾಗಿಯೇ ಉಳಿಯುವುದುಂಟು. ಲಾಗಿನ್ ಇಲ್ಲದೆ ಹೊರಗಿನಿಂದ ನೋಡುವ ಸ್ಕ್ಯಾನರ್ ಸೇವೆಗಳು ಹೇಳಿಕೊಳ್ಳುವ ಆವೃತ್ತಿಯ ಮೊದಲ ಭಾಗವನ್ನಷ್ಟೇ ಓದುತ್ತದೆ, ಬ್ಯಾಕ್‌ಪೋರ್ಟ್ ಅದಕ್ಕೆ ಕಾಣುವುದಿಲ್ಲ. ಲಾಗಿನ್ ಸಹಿತ ಸ್ಕ್ಯಾನ್‌ಗೆ ಒತ್ತಾಯಿಸಿ. ಒಪ್ಪದಿದ್ದರೆ ಚೇಂಜ್‌ಲಾಗ್‌ನ ಸಾಲು, ತಯಾರಕರ ಪ್ರಕಟಣೆಯ ಸಂಖ್ಯೆ, ಪ್ಯಾಚ್ ನಂತರದ ಬೂಟ್ ಸಮಯ ಮತ್ತು ಮ್ಯಾಪ್ಸ್ ತಪಾಸಣೆಯ ಫಲಿತಾಂಶವನ್ನು ಜೋಡಿಸಿ ಕೊಡಿ.

ಆಡಿಟರ್‌ನ ಕೆಂಪು ಗುರುತಿಗೆ ಅಂಜಿ ಮೂಲ ತಯಾರಕರ ಹೊಸ ಸುಡೊವನ್ನು ತಾವೇ ಕಂಪೈಲ್ ಮಾಡಿ ‘/ಯುಎಸ್‌ಆರ್/ಲೋಕಲ್’ ಅಡಿ ಕೂರಿಸುವವರಿದ್ದಾರೆ. ಇದಕ್ಕಿಂತ ಕೆಟ್ಟ ಪರಿಹಾರ ಬೇರೊಂದಿಲ್ಲ. ಆ ಪ್ರತಿಯನ್ನು ಡಿಎನ್‌ಎಫ್ ಬಲ್ಲದೇ ಇಲ್ಲ, ಮುಂದಿನ ದೋಷ ಬಂದಾಗ ವ್ಯವಸ್ಥೆಯ ಸುಡೊ ಸರಿಹೋಗಿ, ಯಾರಿಗೂ ನೆನಪಿಲ್ಲದ ಈ ಸೆಟ್‌ಯುಐಡಿ ಪ್ರತಿ ದೋಷದೊಂದಿಗೆ ಹಾಗೆಯೇ ಉಳಿಯುತ್ತದೆ. ಹಿಂದಿನವರು ಇಂಥದ್ದನ್ನು ಬಿಟ್ಟುಹೋಗಿದ್ದಾರೆಯೇ ಎಂದು ‘ಫೈಂಡ್’ ಆಜ್ಞೆಯಿಂದ ಸೆಟ್‌ಯುಐಡಿ ಫೈಲ್‌ಗಳ ಪಟ್ಟಿ ತೆಗೆದು, ಯಾವ ಪ್ಯಾಕೇಜಿಗೂ ಸೇರದವನ್ನು ‘ಆರ್‌ಪಿಎಂ’ ಮೂಲಕ ಬೇರ್ಪಡಿಸಿ ನೋಡಿ.

## ಹಂತ 9: ದೋಷ ಮರಳಿ ಬರುವ ಹಿಂಬಾಗಿಲುಗಳು

ಕಂಟೇನರ್ ತನ್ನ ಕರ್ನೆಲ್ಲನ್ನು ಹೋಸ್ಟ್‌ನಿಂದ ಪಡೆಯುತ್ತದೆ, ಜಿಲಿಬ್‌ಸಿಯನ್ನು ಮಾತ್ರ ತಾನು ಹುಟ್ಟುವ ಅಚ್ಚಾದ ಇಮೇಜ್‌ನೊಳಗೇ ಹೊತ್ತಿರುತ್ತದೆ. ಹೋಸ್ಟ್‌ಗೆ ಪ್ಯಾಚ್ ಹಾಕಿದರೆ ಕರ್ನೆಲ್ ದೋಷ ಕಂಟೇನರ್‌ಗೂ ಮುಚ್ಚಿತು, ಜಿಲಿಬ್‌ಸಿ ದೋಷ ಮುಚ್ಚಲಿಲ್ಲ. ಓಡುತ್ತಿರುವ ಕಂಟೇನರ್‌ನೊಳಗೆ ಹೋಗಿ ಅಪ್‌ಡೇಟ್ ಮಾಡಿದರೆ ಅದು ಮರುಹುಟ್ಟು ಪಡೆಯುವವರೆಗೆ ಮಾತ್ರ ಬಾಳುತ್ತದೆ. ಹೊಸ ಬುಡದ ಇಮೇಜ್‌ನಿಂದ ಮತ್ತೆ ಕಟ್ಟಿ, ಹಳೆಯ ಟ್ಯಾಗ್ ಅನ್ನು ರಿಜಿಸ್ಟ್ರಿಯಿಂದ ತೆಗೆಯಿರಿ. ಆಲ್ಪೈನ್ ಲಿನಕ್ಸ್ ಬುಡದ ಇಮೇಜ್‌ಗಳಲ್ಲಿ ಜಿಲಿಬ್‌ಸಿಯ ಬದಲು ಮಸ್ಲ್ ಎಂಬ ಬೇರೆ ಲೈಬ್ರರಿ ಇರುವುದರಿಂದ ಲೂನಿ ಟ್ಯೂನಬಲ್ಸ್ ಅವುಗಳನ್ನು ತಟ್ಟಲಿಲ್ಲ. ಜಿಲಿಬ್‌ಸಿಯನ್ನು ತಮ್ಮೊಳಗೇ ಸ್ಥಿರವಾಗಿ ಬೆಸೆದುಕೊಂಡ ಪ್ರೋಗ್ರಾಂಗಳಿದ್ದರೆ ಅವುಗಳನ್ನು ತಯಾರಕರೇ ಹೊಸದಾಗಿ ಕಟ್ಟಿಕೊಡಬೇಕು.

ವರ್ಚುವಲ್ ಯಂತ್ರಗಳ ಮೂಲ ಟೆಂಪ್ಲೇಟ್ ಅನ್ನೂ ಅದೇ ವಾರ ಪ್ಯಾಚ್ ಮಾಡಿ. ಇಲ್ಲದಿದ್ದರೆ ಮುಂದಿನ ತಿಂಗಳು ಹೊಸ ಪ್ರಾಜೆಕ್ಟ್‌ಗೆಂದು ಎಬ್ಬಿಸುವ ಹತ್ತು ಸರ್ವರ್‌ಗಳೂ ದೋಷದೊಂದಿಗೇ ಹುಟ್ಟುತ್ತವೆ. ಡಿಆರ್ (ವಿಪತ್ತಿನ ವೇಳೆಯ ಬದಲಿ) ತಾಣದ ಯಂತ್ರಗಳನ್ನು ಪಟ್ಟಿಯಲ್ಲಿ ಬೇರೆಯಾಗಿ ಬರೆಯಿರಿ. ಅವು ಹಲವು ಕಡೆ ಆರಿಯೇ ಇರುವುದರಿಂದ ಸ್ಕ್ಯಾನರ್‌ಗೆ ಸಿಗುವುದಿಲ್ಲ, ಡ್ರಿಲ್ ದಿನ ಹಳೆಯ ಜಿಲಿಬ್‌ಸಿಯೊಂದಿಗೆ ನೇರವಾಗಿ ಪ್ರೊಡಕ್ಷನ್‌ಗೆ ಬರುತ್ತವೆ. ಪ್ಯಾಚ್‌ಗೆ ಮುಂಚಿನ ಬ್ಯಾಕಪ್‌ನಿಂದ ಯಾವುದಾದರೂ ಯಂತ್ರವನ್ನು ಮರಳಿ ಎಬ್ಬಿಸಿದ ದಿನ, ನೆಟ್‌ವರ್ಕ್‌ಗೆ ಜೋಡಿಸುವ ಮೊದಲೇ ಎರಡನೇ ಹಂತದಿಂದ ಮತ್ತೆ ಶುರುಮಾಡಬೇಕು. ಈ ಎಲ್ಲ ಯಂತ್ರಗಳ ಲಾಗ್‌ಗಳನ್ನು ಸರ್ಟ್-ಇನ್ ನಿರ್ದೇಶನದಂತೆ 180 ದಿನ ಉಳಿಸಿ, ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸಮಯ ಸರ್ವರ್‌ಗಳಿಗೆ ಹೊಂದಿಸಿಡಿ. ಮೂರನೇ ಹಂತದಲ್ಲಿ ಎರಡು ಯಂತ್ರಗಳ ಸೆಗ್‌ಫಾಲ್ಟ್ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕಾದಾಗ ಗಡಿಯಾರಗಳು ಹೊಂದಿಕೆಯಾಗದಿದ್ದರೆ ಯಾವ ಯಂತ್ರಕ್ಕೆ ಮೊದಲು ಪೆಟ್ಟು ಬಿತ್ತೆಂದು ಹೇಳಲಾಗುವುದಿಲ್ಲ.